ಗಡಿ ದಾಟದ ಮೊರ

ಹುಣಸಿಕೊಪ್ಪದಲ್ಲಿ ಅವ್ವನನ್ನು ಗಡಿ ದಾಟಿಸುವ ಕೆಲಸ ಶಾರವ್ವನ ಮನೆತನದ್ದು. ಅದಕ್ಕೆ ಹೊಲವಿಲ್ಲ, ಇನಾಮಿಲ್ಲ. ಒಂದು ಹಳೆಯ ಮೊರ ಇದೆ, ಅಷ್ಟೇ. ಊರಿಗೆ ಜಡ್ಡು ಬಂದರೆ ಆ ಮೊರದಲ್ಲಿ ಬೇವು, ಅರಿಷಿಣ, ಹಸಿರು ಬಳೆ, ಹಸಿಮಣ್ಣಿನ ದುರಗವ್ವನನ್ನು ಇಡಬೇಕು. ಮಾದರ ಕೇರಿಯ ಆ ಮನೆಯ ಹೆಂಗಸೇ ಅದನ್ನು ತಲೆಯ ಮೇಲೆ ಹೊತ್ತು ಗಡಿಕಲ್ಲಿನ ಆಚೆ ಇಳಿಸಿ ಬರಬೇಕು. ಹೊತ್ತವಳು ಬಾಯಿ ಬಿಡಬಾರದು, ಮೊರ ಇಳಿಸದೆ ತಿರುಗಬಾರದು. ಅವಳನ್ನು ಯಾರೂ ಮುಟ್ಟಬಾರದು, ತಡೆಯಬಾರದು. ತಡೆದವನ ಮನೆ ಹೊಗುತ್ತಾಳೆ ಅವ್ವ. ಮೊರ ಎಲ್ಲಿ ಇಳಿಯಿತೋ ಅಲ್ಲೇ ಆಕೆಯ ಠಿಕಾಣಿ. ಇಳಿಸಿದ ಮೊರವನ್ನು ಹೊತ್ತವಳ ಹೊರತು ಬೇರೆ ಕೈ ಎತ್ತುವಂತಿಲ್ಲ.

ಶಾರವ್ವ ಇದನ್ನು ನಂಬಿದವಳು. ಹಾದಿಬೀದಿಯ ನಂಬಿಕೆಯಲ್ಲ. ಮಂಗಳವಾರ ಬಂದರೆ ಬೇವಿನ ಬುಡಕ್ಕೆ ನೀರು ಹಾಕದೆ ಬಾಯಿಗೆ ನೀರು ಬಿಟ್ಟುಕೊಂಡವಳಲ್ಲ. ಅವಳ ಅತ್ತೆ ಸಾಯುವಾಗ ಕೈಹಿಡಿದು ಹೇಳಿದ್ದು ಒಂದೇ ಮಾತು: "ಅವ್ವನ್ನ ಬೈಬ್ಯಾಡ. ಆಕಿ ತಾಯಿ. ಕಳಿಸುವಾಗ ತಾಯಿನ್ನ ಕಳಿಸಿದಂಗ ಕಳಸ."

ಈ ಸಲ ಜಡ್ಡು ಬಿದ್ದದ್ದು ಕೇರಿಗೆ. ಕೇರಿಗೆ ಮಾತ್ರ.

ಮೊದಲು ಹೋದವಳು ಹೊಳಿಯವ್ವ. ಮುಂಜಾನೆ ಗೋವಿನಜೋಳ ಮುರಿಯಲು ಹೋದವಳು ಹೊಲದಲ್ಲೇ ಕುಸಿದಳು. ಅಕ್ಕಿ ತೊಳೆದ ನೀರಿನಂತೆ ಹೊಟ್ಟೆ ಹರಿಯಿತು. ಕಣ್ಣು ಒಳಗೆ ಹೋದವು. ಸಂಜೆಗೆ ಇಲ್ಲ. ಆಮೇಲೆ ಒಂದೊಂದು ಮನೆಯೂ ಮಲಗಿತು. ಡಾಕ್ಟರು ಬಂದರು, ಕಾಲರಾ ಅಂದರು. ಆಶಾ ಕಾರ್ಯಕರ್ತೆ ನೀರಿಗೆ ಕಲಸಿ ಕುಡಿಯುವ ಪುಡಿಯ ಪೊಟ್ಟಣ ಹಂಚಿದಳು. ಪಂಚಾಯ್ತಿಯವರು ಕೇರಿಯ ಓಣಿಗೆಲ್ಲ ಬಿಳಿ ಪುಡಿ ಉಗ್ಗಿದರು. ನೆಲ ಬೆಳ್ಳಗಾಯಿತು. ನಳದ ನೀರು ಮಾತ್ರ ಮೊದಲಿನಂತೆಯೇ ನಾರುತ್ತಿತ್ತು.

ಅದು ಯಾಕೆ ನಾರುತ್ತದೆ ಅಂತ ಕೇರಿಯ ಕೂಸಿಗೂ ಗೊತ್ತು. ಊರ ನೀರಿನ ಟಾಕಿಯಿಂದ ಬಂದ ಪೈಪು ಮುಂದೆ ಎರಡಾಗುತ್ತದೆ. ಊರಿನದು ರಸ್ತೆಯ ಕೆಳಗೆ ಹೋಗುತ್ತದೆ. ಕೇರಿಯದು ಪರಮೇಶ್ವರಪ್ಪನ ಹಿತ್ತಲ ಗಟಾರದಲ್ಲಿ ಮಲಗಿಕೊಂಡು ಬರುತ್ತದೆ. ಪರಮೇಶ್ವರಪ್ಪ ಪಂಚಾಯ್ತಿ ಮೆಂಬರ, ಊರಿಗೆ ಹಿರಿಯ. ಹೋದ ಬೇಸಿಗೆಯಲ್ಲಿ ಹೊಸ ಮನೆ ಕಟ್ಟಿಸಿದ. ಪಾಯಖಾನೆಗೆ ಗುಂಡಿ ತೋಡಿಸಲಿಲ್ಲ. ಅದರ ಬಾಯನ್ನು ಗಟಾರಕ್ಕೇ ಬಿಟ್ಟ. ಬಿಡುವಾಗ ಜೆಸಿಬಿ ಹಲ್ಲು ಕೇರಿಯ ಪೈಪಿಗೆ ತಾಗಿ ಒಡೆಯಿತು. ನೀರು ಬಿಡುವ ರಫೀಕನನ್ನು ಕರೆಸಿ, ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿಸಿದರು. ಅಷ್ಟೇ ರಿಪೇರಿ.

ಕೇರಿಯವರು ಹೇಳಿದರು. ಒಂದಲ್ಲ, ಹತ್ತು ಸಲ ಹೇಳಿದರು. "ನೋಡೂಣು" ಅಂದರು ಪಂಚಾಯ್ತಿಯವರು. ನೋಡಲಿಲ್ಲ.

ಶಾರವ್ವನ ಮೊಮ್ಮಗಳು ಐಶ್ವರ್ಯ ಮಲಗಿದ್ದು ಹೊಳಿಯವ್ವನ ಮಣ್ಣಿನ ಮರುದಿನ. ಕುಡಿದದ್ದೆಲ್ಲ ಕಾರುತ್ತಿತ್ತು ಕೂಸು. ಶಾರವ್ವ ಸೊಸೆಗೆ ಅಂದಳು, "ಶೀಲಾ, ನೀರ ಕೊಡಬ್ಯಾಡ. ಕೊಟ್ಟಷ್ಟೂ ಹರಿತೈತಿ." ಹಿಂದಿನಿಂದ ಬಂದ ಮಾತು. ಅವಳಿಗೆ ಅವಳ ಅತ್ತೆ ಹೇಳಿದ್ದು, ಅತ್ತೆಗೆ ಇನ್ಯಾರೋ. ಸಂಜೆಗೆ ಕೂಸಿನ ನಾಲಗೆ ಒಣಗಿ ಚರ್ಮವಾಯಿತು. ಚಿವುಟಿ ಬಿಟ್ಟರೆ ಹೊಟ್ಟೆಯ ತೊಗಲು ಹಾಗೇ ನಿಲ್ಲುತ್ತಿತ್ತು.

ಶಿಗ್ಗಾಂವಿಯ ಆಸ್ಪತ್ರೆಯಲ್ಲಿ ಬಾಟಲಿ ಏರಿಸುತ್ತ ಡಾಕ್ಟರಮ್ಮ ಬೈದಳು. "ನೀರ ಕೊಡದ ಕೊಲ್ತಿದ್ರಲ್ಲ! ಇಂಥಾ ಜಡ್ಡಿಗೆ ನೀರ ಔಷಧ. ಎಷ್ಟ ಹೋಗ್ತದೋ ಅಷ್ಟ ಕುಡಸಬೇಕು."

ಶಾರವ್ವ ತಲೆ ತಗ್ಗಿಸಿಕೊಂಡೇ ಕೇಳಿದಳು, "ಯಾವ ನೀರ ಕುಡಸೂಣ್ರಿ?"

ಡಾಕ್ಟರಮ್ಮ ಕೂಸಿನ ಕೈ ಹಿಡಿದು ನಾಡಿ ನೋಡತೊಡಗಿದಳು.

ಸೊಸೆಯನ್ನು ಅಲ್ಲೇ ಬಿಟ್ಟು ಶಾರವ್ವ ಕೇರಿಗೆ ಮರಳಿದಳು. ಮಲಗಿದವರಿದ್ದರು, ಎದ್ದು ಮಾಡುವವರಿರಲಿಲ್ಲ. ಹೇಸಿಗೆಯಾದ ಕೌದಿ, ಸೀರೆ, ಚಾದರ ಎಲ್ಲ ಒಟ್ಟುಮಾಡಿ ಕೆರೆಗೆ ಹೊತ್ತಳು. ಕೆರೆಯ ಏರಿಯ ಮೇಲೆ ಊರಿನ ಹುಡುಗರು ಕೋಲು ಹಿಡಿದು ನಿಂತಿದ್ದರು.

"ಇಲ್ಲಿ ತೊಳಿಬ್ಯಾಡ. ದನ ಕುಡೀತಾವ."

"ಮತ್ತ ಎಲ್ಲಿ ತೊಳೀಬೇಕೋ ಯಪ್ಪಾ?"

"ನಿಮ್ಮ ಗಟಾರ ಐತಲ್ಲ."

ಗಟಾರದಲ್ಲೇ ತೊಳೆದಳು. ಹೊಲಸಿನಲ್ಲಿ ಹೊಲಸು ತೊಳೆದಳು. ನೀರು ಕುಡಿದ ಕೌದಿ ಹೆಣದಷ್ಟು ಭಾರ. ಎತ್ತಿ ಕಲ್ಲಿಗೆ ಬಡಿಯಬೇಕು, ಹಿಂಡಬೇಕು, ಮತ್ತೆ ಎತ್ತಬೇಕು. ರಟ್ಟೆ ಬಿದ್ದುಹೋದವು. ಪಂಚಾಯ್ತಿಯ ಬಿಳಿ ಪುಡಿ ತಾಗಿ ಅಂಗೈ ಸುಲಿಯಿತು. ಬಡಿಯುವಾಗ ಬಾಯಲ್ಲಿ ಅವ್ವನ ಹೆಸರಿತ್ತು. ಸಿಟ್ಟಿನಲ್ಲಿ ಕರೆಯುತ್ತಿದ್ದಾಳೋ ಭಕ್ತಿಯಲ್ಲಿ ಕರೆಯುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

ಆ ದಿನ ಕೇರಿಗೆ ಬಂದ ಹೊರಗಿನವಳು ಒಬ್ಬಳೇ. ರೋಶನಬಿ. ನೀರು ಬಿಡುವ ರಫೀಕನ ತಾಯಿ. ಗಡಿಕಲ್ಲಿನ ಆಚೆ ಇಟ್ಟಂಗಿ ಭಟ್ಟಿಯ ಜೋಪಡಿಯಲ್ಲಿ ಇರುವವಳು. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ಬಂದಳು.

"ಶಾರಕ್ಕ, ಭಟ್ಟಿ ಬೋರಿನ ನೀರು. ಕುದಿಸಿ ತಂದೇನಿ. ಉಪ್ಪು ಸಕ್ಕರಿ ನೀ ಹಾಕ್ಕೋ."

"ನಿನಗ ಅಂಜಿಕಿ ಇಲ್ಲೇನ ರೋಶನ್?"

"ಅಂಜಿಕಿ ಐತಿ. ಆದ್ರ ಮೆಣಸಿನಕಾಯಿ ಬಿಡಸುವಾಗ ನಿನ್ನ ಬುತ್ತಿ ಉಂಡೇನಲ್ಲ. ಅದು ಅಂಜಿಕಿಗಿಂತ ದೊಡ್ಡದು."

ಮರುದಿನ ಹಿರಿಯರು ಬಂದರು. ಕೇರಿಯ ಒಳಗಲ್ಲ, ಗಟಾರ ದಾಟುವ ಸಣ್ಣ ಸೇತುವೆ ಸಿಡಿಯ ಮೇಲೆ ನಿಂತರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿಕೊಂಡು ನಿಂತರು. ಎಲ್ಲರ ಮೂಗಿಗೂ ಹೆಗಲ ಮೇಲಿನ ವಲ್ಲಿ.

"ಶಾರೀ," ಪರಮೇಶ್ವರಪ್ಪ ಕರೆದ. ಅವನಿಗಿಂತ ಅವಳು ಹಿರಿಯಳು. "ಮಂಗಳವಾರ ಅವ್ವನ್ನ ದಾಟಿಸಿಬಿಡು. ಇವತ್ತ ನಿಮ್ಮ ಕೇರಿ. ನಾಳೆ ಊರಿಗೆ ಹತ್ತಿದ್ರ?"

ಶಾರವ್ವನ ಮೈದುನ ದುರಗಪ್ಪ ಹಲಗೆ ಬಾರಿಸುವವನು. ಅವನು ಕೈಮುಗಿದು ಅಂದ, "ಸಾವಕಾರ್ರ, ಆ ಪೈಪಿಂದು..."

"ಪೈಪ್ ಆಮ್ಯಾಲ. ಮೊದಲ ಅವ್ವ."

"ಪೈಪ್ನ್ಯಾಗ ಹೊಲಸ ಬರಾಕತ್ತೇತ್ರಿ."

"ಹೊಲಸು ಎಲ್ಲಿಂದ ಬರತೈತಿ? ನಿಮ್ಮ ಓಣಿ ನೋಡ್ಕೋರಿ. ನಿಮ್ಮ ಹೊಲಸಿಗೆ ಅವ್ವ ಬಂದಾಳ. ಊರಾಗ ಒಬ್ರಿಗರ ಬಂತೇನು? ಯಾಕ ಬರಲಿಲ್ಲ? ಇಚಾರ ಮಾಡ್ರಿ."

ಶಾರವ್ವ ಸುಲಿದ ಅಂಗೈ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು.

"ಎಲ್ಲಿ ಇಳಸಬೇಕ್ರಿ?" ಅಂದಳು.

"ಎಲ್ಲಿ ಇಳಸ್ತಾರ? ಗಡಿಕಲ್ಲಿನ ಆಚೆ. ಆ ಭಟ್ಟಿ ಐತಲ್ಲ, ಅಲ್ಲೆ. ಅದು ನಮ್ಮ ಸೀಮಿ ಅಲ್ಲ."

"ಅಲ್ಲಿ ಮಂದಿ ಅದಾರ್ರಿ."

"ಅವರು ನಮ್ಮೂರ ಮಂದಿ ಅಲ್ಲ."

ಸೋಮವಾರ ಶಾರವ್ವ ಆಸ್ಪತ್ರೆಗೆ ಹೋದಳು. ಐಶ್ವರ್ಯ ಕಣ್ಣು ಬಿಟ್ಟಿದ್ದಳು. ಬಾಟಲಿಯ ನೀರು ಇಳಿದು ಕೆನ್ನೆಯಲ್ಲಿ ಜೀವ ಕಾಣುತ್ತಿತ್ತು. ಇನ್ನೆರಡು ದಿನಕ್ಕೆ ಮನೆಗೆ ಕರೆದೊಯ್ಯಬಹುದು ಅಂದಿದ್ದರು. ಶೀಲಾ ನಗಲಿಲ್ಲ.

"ಅತ್ತಿ, ಇದನ್ನ ಮತ್ತ ಆ ನಳಕ್ಕ ಕರಕೊಂಡು ಬರ್ಲೇನು?"

ಶಾರವ್ವ ಮೊಮ್ಮಗಳ ಕೂದಲು ಸರಿಮಾಡಿದಳು.

"ಅಜ್ಜಿ ನೀರ," ಅಂದಿತು ಕೂಸು. ಶೀಲಾ ಲೋಟ ಹಿಡಿದಳು. ಗಟಗಟ ಕುಡಿಯಿತು. ತೆಳ್ಳನೆಯ ಗಂಟಲು ಏರಿ ಇಳಿಯುವುದನ್ನೇ ಶಾರವ್ವ ನೋಡಿದಳು.

"ಪೈಪ್ ಗಟಾರದಾಗಿಂದ ಏಳೂತನ ತರಬ್ಯಾಡ," ಅಂದಳು. "ನಾ ಹೇಳಿ ಕಳಿಸೂತನ ಬರಬ್ಯಾಡ."

"ನೀವ ಹೇಳಿದ್ರ ಪೈಪ್ ಏಳತೈತೇನ್ರಿ ಅತ್ತಿ?"

ಶಾರವ್ವ ಖಾಲಿ ಲೋಟ ತೊಳೆದಿಟ್ಟಳು. ಊರ ಬಸ್ಸು ಹಿಡಿದಳು.

ಮಂಗಳವಾರ ಬಂತು. ಬೇವಿನ ಬುಡದಲ್ಲಿ ಶಾರವ್ವ ಅವ್ವನನ್ನು ತಿದ್ದಿದಳು. ಮಣ್ಣಿಗೆ ನೀರು ಬೇಕು. ನಳದ ನೀರು ಹಾಕಲು ಕೈ ಬರಲಿಲ್ಲ. ರೋಶನಬಿಯ ಕೊಡದಲ್ಲಿ ತಳಕ್ಕೆ ಉಳಿದಿದ್ದ ನೀರಿನಲ್ಲಿ ಕಲಸಿದಳು. ಕುಂಕುಮವಿಟ್ಟಳು. ಬಳೆ ಇಟ್ಟಳು. ಕಣ್ಣುಮುಚ್ಚಿ ಕುಂತಳು. ಬಹಳ ಹೊತ್ತು ಕುಂತಳು. ಏನು ಬೇಡಿಕೊಂಡಳೋ ಅವ್ವನಿಗೆ ಗೊತ್ತು.

ಮೊರ ತಲೆಗೇರಿತು. ದುರಗಪ್ಪ ಹಲಗೆ ಬಡಿದ. ಊರು ಬಾಗಿಲು ಹಾಕಿಕೊಂಡಿತು. ಕೇರಿಯ ಸುತ್ತು ಬಳಸಿ ಹೊಲದ ಬದುವಿನ ಮೇಲೆ ನಡೆದರು. ಬನ್ನಿ ಗಿಡದ ತನಕ ಹಲಗೆ. ಅಲ್ಲಿಂದಾಚೆ ಅವಳೊಬ್ಬಳೇ ಹೋಗಬೇಕು.

ಗಡಿಕಲ್ಲಿಗೆ ಸುಣ್ಣ ಬಳಿದಿದ್ದರು. ಅದರಾಚೆ ಭಟ್ಟಿಯ ಹೊಗೆ. ತಗಡಿನ ಜೋಪಡಿ. ಜೋಪಡಿಯ ಮುಂದೆ ರೋಶನಬಿ ಹಸಿ ಇಟ್ಟಂಗಿ ಹೊರಳಿಸುತ್ತಿದ್ದಳು. ಮೊರ ನೋಡಿ ಎದ್ದು ನಿಂತಳು. ಓಡಲಿಲ್ಲ.

"ನಿಮ್ಮ ಕಟ್ಲೆ ನನಗ ಗೊತ್ತಿಲ್ಲ ಶಾರಕ್ಕ," ಅಂದಳು. "ಮಾತಾಡಸಬಾರದಂತ ರಫೀಕ ಹೇಳಿದ. ನಾ ಮಾತಾಡ್ತೇನಿ. ಮೊನ್ನಿ ನಾ ಎರಡ ಕೊಡ ನೀರ ತಂದಿದ್ದೆ. ಅದಕ್ಕ ಬದಲಿ ಇದನ್ನ ತಂದಿಯೇನು?"

ಶಾರವ್ವ ನಿಂತಳು. ಇಳಿಸಬೇಕು. ಒಂದು ಹೆಜ್ಜೆ ಮುಂದಿಟ್ಟು ಬಾಗಿದರೆ ಮುಗಿಯಿತು. ಅವಳ ಅತ್ತೆ ಇಳಿಸಿದ್ದಳು. ಅತ್ತೆಯ ಅತ್ತೆ ಇಳಿಸಿದ್ದಳು. ಆಗ ಗಡಿಯಾಚೆ ಬರೀ ಬಯಲಿತ್ತೋ, ಇಂಥದೇ ಯಾರದೋ ಜೋಪಡಿ ಇತ್ತೋ? ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ತಾಯಿಯನ್ನು ಕಳಿಸಿದಂತೆ ಕಳಿಸು ಅಂದಿದ್ದಳು ಅತ್ತೆ. ತಾಯಿಯನ್ನು ಯಾರಾದರೂ ಕಂಡವರ ಅಂಗಳದಲ್ಲಿ ಎಸೆದು ಬರುತ್ತಾರೆಯೇ? ಬಂದ ಮನೆಗೆ ಮುಟ್ಟಿಸಿ ಬರುತ್ತಾರೆ.

ಅವ್ವ ಯಾವ ಮನೆಯಿಂದ ಬಂದಳು?

"ರೋಶನ್," ಅಂದಳು. ಮೊರ ಹೊತ್ತವಳು ಬಾಯಿ ಬಿಟ್ಟಿದ್ದು ಹುಣಸಿಕೊಪ್ಪದಲ್ಲಿ ಅದೇ ಮೊದಲು. "ಒಲಿ ಮ್ಯಾಲ ನೀರ ಇಡು. ಕೇರಿಗೆ ಇನ್ನೂ ಬೇಕಾಗತೈತಿ."

ಹಿಂದಕ್ಕೆ ತಿರುಗಿದಳು.

ಬನ್ನಿ ಗಿಡದ ಕೆಳಗೆ ಕುಂತಿದ್ದ ದುರಗಪ್ಪ ಹಾರಿ ಎದ್ದ. ಅವಳ ತಲೆಯ ಮೇಲೆ ಮೊರ ಹಾಗೇ ಇತ್ತು.

"ಅತ್ತಿಗಿ! ತಿರುಗಬಾರದು! ಹೊತಗೊಂಡ ಬಂದ್ಯಲ್ಲ!"

"ಬಾರಸು."

"ಎಲ್ಲಿಗಿ?"

"ಬಾರಸ ಅಂದ್ನೆಲ್ಲ."

ಅವನು ಒಮ್ಮೆ ಗಡಿಕಲ್ಲಿನ ಕಡೆ ನೋಡಿದ. ಆದರೂ ಬಾರಿಸಿದ.

ಈ ಸಲ ಬದುವಿನ ದಾರಿಯಲ್ಲ. ಶಾರವ್ವ ನೇರ ಊರ ಹೆಬ್ಬಾಗಿಲಿಗೆ, ಅಗಸಿಗೆ, ನಡೆದಳು. ಆ ಅಗಸಿಯಲ್ಲಿ ಅವಳು ಮದುವೆಯಾಗಿ ಬಂದಾಗ ಬಂಡಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಬಗಲ ಸಂದಿಯಿಂದ ಕೇರಿಗೆ ಹೋಗಿದ್ದಳು. ಹಲಗೆಯ ಸದ್ದು ಹತ್ತಿರ ಬಂದದ್ದೇ ಊರೊಳಗೆ ಗದ್ದಲವಾಯಿತು. ಮೊರ ಹೋಯಿತೆಂದು ತೆರೆದಿದ್ದ ಬಾಗಿಲುಗಳು ದಡದಡ ಮುಚ್ಚಿದವು. ಕಿಟಕಿಯ ಸಂದಿಯಲ್ಲಿ ಕಣ್ಣು.

ಬಸವಣ್ಣನ ಗುಡಿಯ ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ನಿಂತರು.

"ಏ ಶಾರೀ! ತೆಲಿ ಕೆಟ್ಟತೇನ? ಹೊಳ್ಳ ಹಿಂದಕ್ಕ!"

ಅವಳು ನಡೆದಳು.

"ಯಾರರ ತಡೀರಲೇ ಆಕಿನ್ನ!"

ಯಾರು ತಡೆಯುತ್ತಾರೆ? ಒಬ್ಬ ಇನ್ನೊಬ್ಬನ ಮುಖ ನೋಡಿದ. ಅವಳು ಬಂದಂತೆ ರಸ್ತೆ ಬಿಡುತ್ತ ಹೋದರು. ಪರಮೇಶ್ವರಪ್ಪನೂ ಬಿಟ್ಟ. ಜೀವಮಾನವೆಲ್ಲ ಇವರಿಗೆ ದಾರಿ ಬಿಟ್ಟು ಗಟಾರದ ದಂಡೆಗೆ ಸರಿದು ನಿಂತವಳು ಇಂದು ನಡುರಸ್ತೆಯಲ್ಲಿ ಹೋದಳು. ಅವರು ಗಟಾರದ ದಂಡೆಗೆ ನಿಂತರು.

ಪರಮೇಶ್ವರಪ್ಪನ ಹಿತ್ತಲಿಗೆ ಬಂದಳು. ಟಾಕಿಯಿಂದ ಬರುವ ನೀರು ಕವಲಾಗುವ ವಾಲ್ವಿನ ಗುಂಡಿ ಅಲ್ಲೇ ಇದೆ, ಗಟಾರದ ಬಗಲಿಗೆ. ಮೇಲೊಂದು ಚಪ್ಪಡಿ. ಅದನ್ನು ಎತ್ತದೆ ಕೇರಿಗೂ ನೀರಿಲ್ಲ, ಊರಿಗೂ ನೀರಿಲ್ಲ. ಅವಳು ಮೊಣಕಾಲೂರಿದಳು. ಚಪ್ಪಡಿಯ ಮೇಲೆ ಮೊರ ಇಳಿಸಿದಳು. ನೆಲಕ್ಕೆ ಹಣೆ ಹಚ್ಚಿದಳು.

"ಮುಟ್ಟಿಸಿದೆ ತಾಯೀ," ಅಂದಳು. "ಇಲ್ಲಿಂದ ಬಂದಿದ್ದಿ. ಇಲ್ಲಿಗೇ ಮುಟ್ಟಿಸಿದೆ."

ಬಗಲಿಗೆ ಕುಂತಳು.

ಮೊದಲು ಬೈದರು. ಬೈಗುಳಕ್ಕೆ ಅವಳ ಜಾತಿ ಸಿಕ್ಕಿತು, ಸತ್ತ ಗಂಡ ಸಿಕ್ಕ, ಸೀರೆ ಸಿಕ್ಕಿತು. ಅವಳು ಬೇವಿನ ಎಲೆ ಸರಿಮಾಡುತ್ತ ಕುಂತಳು. ಆಮೇಲೆ ದುರಗಪ್ಪನಿಗೆ ಎತ್ತು ಅಂದರು. ದುರಗಪ್ಪ ಹಲಗೆಯನ್ನು ನೆಲಕ್ಕಿಟ್ಟ.

"ಆಕಿ ಕೈಯಾಗಿಂದ್ರೀ ಅದು. ನಾ ಗಂಡಸು ಹೆಂಗ ಮುಟ್ಟಲಿ? ನೀವ ಹಿರ್ಯಾರು, ಕಟ್ಲೆ ಬಲ್ಲವರು. ಬೇಕಂದ್ರ ನೀವ ಮುಟ್ರಿ."

ಪೊಲೀಸರನ್ನು ಕರೆಸುತ್ತೇನೆ ಅಂದ ಪರಮೇಶ್ವರಪ್ಪ. ಫೋನು ಕಿವಿಗೆ ಹಿಡಿದ. ಏನಂತ ಹೇಳುತ್ತಾನೆ? ಮುದುಕಿಯೊಬ್ಬಳು ಹಿತ್ತಲಿನಲ್ಲಿ ದೇವರನ್ನು ಇಟ್ಟಿದ್ದಾಳೆ ಅಂತಲೇ? ಫೋನು ಕಿಸೆಗೆ ಹೋಯಿತು.

ಹಿತ್ತಲ ಬಾಗಿಲು ತೆರೆಯಿತು. ಅವನ ಹೆಂಡತಿ ಸರೋಜವ್ವ ಬಂದಳು. ಕೈಯಲ್ಲಿ ಖಣ, ಕೊಬ್ಬರಿ ಬಟ್ಟಲು, ಅಕ್ಕಿ. ದೂರದಲ್ಲೇ ನಿಂತು ಅತ್ತಳು.

"ಶಾರವ್ವ, ನಾ ಅವ್ವನ ಉಡಿ ತುಂಬ್ತೇನಿ. ನಿನ್ನ ಉಡೀನೂ ತುಂಬ್ತೇನಿ. ಮನ್ಯಾಗ ಸಣ್ಣ ಹುಡುಗ್ರ ಅದಾವ. ಎತ್ತಿಕೊಂಡ ಹೋಗ ನಮ್ಮವ್ವಾ."

ಶಾರವ್ವ ಅಂದು ಮೊದಲ ಬಾರಿ ತಲೆ ಎತ್ತಿ ನೋಡಿದಳು. ಈ ಹೆಂಗಸು ಹಿಂದೆ ತನ್ನನ್ನು ಶಾರವ್ವ ಅಂತ ಕರೆದಿರಲಿಲ್ಲ. ಅವ್ವಾ ಅಂತಂತೂ ಎಂದೂ ಇಲ್ಲ.

"ನನ್ನ ಮನ್ಯಾಗೂ ಒಂದ ಸಣ್ಣ ಕೂಸ ಐತ್ರಿ. ಆಸ್ಪತ್ರಿ ಒಳಗ ಐತಿ. ಉಡಿ ಬ್ಯಾಡ್ರಿ ಅಕ್ಕಾರ. ಪೈಪ್ ಎತ್ತಸ್ರಿ. ನಿಮ್ಮ ಪಾಯಖಾನಿ ಬಾಯಿ ಮುಚ್ಚಸ್ರಿ. ನಾ ಎದ್ದ ಹೋಗ್ತೇನಿ."

ಸರೋಜವ್ವ ಗಂಡನ ಕಡೆ ನೋಡಿದಳು. ಅವನು ಗಟಾರದ ಕಡೆ ನೋಡಿದ. ಅಲ್ಲಿ ಅವನ ಮನೆಯ ಪೈಪಿನಿಂದ ಕಪ್ಪು ನೀರು ಹರಿದು ಬರುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ದಿನವೂ ಇದ್ದದ್ದೇ. ಆದರೆ ಹೀಗೆ ನಿಂತು ನೋಡಿರಲಿಲ್ಲ.

ನೀರು ಬಿಡುವ ಹೊತ್ತಿಗೆ ರಫೀಕ ಬಂದ. ಹಿತ್ತಲ ಎದುರಿನ ಊರ ನಳದ ಮುಂದೆ ಕೊಡಗಳು ಸಾಲು ಹಚ್ಚಿದ್ದವು. ಚಪ್ಪಡಿಯ ಮೇಲಿನ ಮೊರ ನೋಡಿ ಕೀಲಿ ಕೆಳಗಿಟ್ಟ.

"ಎತ್ತಿಡೋ," ಪರಮೇಶ್ವರಪ್ಪ ಅಂದ. "ನಿನಗೇನು? ನಿಮ್ಮ ದೇವರಲ್ಲ ಅದು."

"ನಮ್ಮ ದೇವರಲ್ಲ ಅಂತ ನಮ್ಮವ್ವನ ಬಾಗಲಿಗೆ ಕಳಿಸಿದ್ರೇನ್ರಿ?"

ಅವನ ದನಿ ದೊಡ್ಡದಿರಲಿಲ್ಲ. ಮುಖ ಮಾತ್ರ ಸುಟ್ಟ ಇಟ್ಟಂಗಿಯಾಗಿತ್ತು. "ಆ ಟ್ಯೂಬ್ ಸುತ್ತಿದವ ನಾನ. ಸುತ್ತು ಅಂದವ್ರು ನೀವು. ಮೂಗ ಮುಚ್ಚಿಕೊಂಡ ಗಟಾರಕ್ಕ ಇಳಿದಿದ್ದೆ. ಇವತ್ತೂ ಇಳೀತೇನಿ. ಸುತ್ತಾಕಲ್ಲ, ಬಿಚ್ಚಾಕ. ಯಾರ್ಯಾರ ಇಳೀತೀರಿ, ಬರ್ರಿ."

ರಫೀಕ ಇಳಿದ. ದುರಗಪ್ಪ ಇಳಿದ. ಆಮೇಲೆ ಯಾರೂ ಇಳಿಯಲಿಲ್ಲ. ಕೊಡ ಹಿಡಿದ ಹೆಂಗಸರು ಗೊಣಗತೊಡಗಿದರು. ಆಗ ಪರಮೇಶ್ವರಪ್ಪ ತನ್ನ ಆಳುಗಳನ್ನು ಕೂಗಿದ. ಕೊನೆಗೆ ಸರೋಜವ್ವ "ನೀವೂ ಹೋಗ್ರಿ, ನಿಮ್ಮದ ಅದು" ಅಂದಾಗ ಧೋತರ ಎತ್ತಿ ಕಟ್ಟಿ ದಂಡೆಯ ಮೇಲೆ ಕುಂತು, ತನ್ನ ಪಾಯಖಾನೆಯ ಬಾಯಿಗೆ ತಾನೇ ಕಲ್ಲು ಮಣ್ಣು ತುಂಬಿದ. ಅವನ ಕೈಗೂ ಹೊಲಸು ಹತ್ತಿತು. ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಎದ್ದ.

ಗಟಾರದಿಂದ ಪೈಪು ಎದ್ದಿತು. ಟ್ಯೂಬು ಬಿಚ್ಚಿದಾಗ ಒಡಕಿನೊಳಗೆ ಕರ್ರಗೆ ಕೆಸರು ಮೆತ್ತಿತ್ತು, ಅದರಲ್ಲಿ ಹುಳ. ಕೊಡ ಹಿಡಿದಿದ್ದ ಒಬ್ಬಳು ಪಕ್ಕಕ್ಕೆ ಓಡಿ ಕಾರಿಕೊಂಡಳು. ಅದನ್ನೇ ಕೇರಿ ಕುಡಿದಿತ್ತು. ಹೊಳಿಯವ್ವ ಕುಡಿದಿದ್ದಳು. ಐಶ್ವರ್ಯ ಕುಡಿದಿದ್ದಳು.

"ಆತಲ್ಲ?" ಪರಮೇಶ್ವರಪ್ಪ ಅಂದ. "ಇನ್ನ ಎತ್ತು. ಗಡಿ ದಾಟಸು."

"ಹೊಸ ಪೈಪ್ ಎಂದ ಬರತೈತ್ರಿ?"

"ಅದು ನನ್ನ ಕೈಯಾಗಿಲ್ಲ. ಶಿಗ್ಗಾಂವಿ ದೊಡ್ಡ ಕಚೇರಿಯಾಗಿಂದ ಮಂಜೂರಾಗಬೇಕು. ಸಾಹೇಬ್ರು ಬರಬೇಕು, ನೋಡಬೇಕು. ಟೈಮ್ ಹಿಡೀತೈತಿ."

"ಅಲ್ಲೀಮಟ ಕೇರಿ ಏನ ಕುಡೀಬೇಕ್ರಿ?"

"ಟ್ಯಾಂಕರ್ ಬರತೈತಿ... ಬಂದ್ರ."

"ಊರ ನಳ?"

ಪರಮೇಶ್ವರಪ್ಪ ಹೆಂಗಸರ ಕಡೆ ನೋಡಿದ. ಕೊಡ ಹಿಡಿದ ಹೆಂಗಸರು ಕೊಡಗಳನ್ನು ತಮ್ಮ ಕಡೆ ಎಳೆದುಕೊಂಡರು. ಅಂಜಿಕೆ ಅವರನ್ನು ಅಷ್ಟು ದೂರ ಮಾತ್ರ ತಂದಿತ್ತು. ಅದರಾಚೆ ಒಂದು ಹೆಜ್ಜೆಯಿಲ್ಲ.

ಶಾರವ್ವ ಎದ್ದಳು. ಒಡೆದ ಪೈಪಿನ ತುಂಡನ್ನು, ಸುತ್ತಿದ್ದ ಟ್ಯೂಬನ್ನು ಎತ್ತಿ ಮೊರದಲ್ಲಿ ಅವ್ವನ ಮುಂದೆ ಇಟ್ಟಳು. ಬೇವು ಮುಚ್ಚಿದಳು. ಮೊರ ಮತ್ತೆ ತಲೆಗೇರಿತು. ಆ ರಾತ್ರಿ ಮೊರ ಅವಳ ತೊಡೆ ಬಿಟ್ಟು ಇಳಿಯಲಿಲ್ಲ.

ಬೆಳಿಗ್ಗೆ ದುಂಡಸಿ ಕಡೆಯಿಂದ ಬಂದ ಬಸ್ಸು ಅಗಸಿಯ ಮುಂದೆ ನಿಂತಿತು. ಅವಳು ಹತ್ತಿದ್ದೇ ಜನ ಹಿಂದಕ್ಕೆ ಸರಿದರು. ಸೀಟು ಖಾಲಿಯಾದವು. ಕಿಟಕಿಯ ಬಳಿ ಕುಂತಳು.

"ಅಜ್ಜಿ, ಅದನ್ನ ಕೆಳಗ ಇಡ್ರಿ," ಅಂದ ಕಂಡಕ್ಟರ.

"ಕೆಳಗ ಇಟ್ರ ಆಕಿ ಅಲ್ಲೇ ಉಳೀತಾಳ. ನಿನ್ನ ಬಸ್ಸಿನ್ಯಾಗ ಇಟಗೋತೀಯೇನು?"

ಕಂಡಕ್ಟರ ಒಂದು ಹೆಜ್ಜೆ ಹಿಂದೆ ಸರಿದ. "ಬ್ಯಾಡ ಬ್ಯಾಡ. ತೊಡಿ ಮ್ಯಾಲ ಇರಲಿ. ಎಲ್ಲಿಗಿ?"

"ಶಿಗ್ಗಾಂವಿಗೆ. ಎರಡ ಕೊಡು."

"ನೀವು ಒಬ್ರ ಅದೀರಲ್ರಿ."

"ಹೆಂಗಸರಿಗೆ ಪುಕ್ಕಟ ಅಲ್ಲೇನು? ಈಕೀನೂ ಹೆಣ್ಣ."

ಹಿಂದಿನ ಸೀಟಿನಲ್ಲಿ ಯಾರೋ ಫಕ್ಕನೆ ನಕ್ಕರು. ಕಂಡಕ್ಟರ ನಗಲಿಲ್ಲ. ಮೊರದಲ್ಲಿದ್ದ ಅವ್ವನನ್ನೂ, ಅವಳ ಮುಂದಿನ ಒಡಕು ಪೈಪನ್ನೂ ನೋಡಿದ. ಎರಡು ಟಿಕೀಟು ಹರಿದು ಕೊಟ್ಟ.

ಶಿಗ್ಗಾಂವಿಯಲ್ಲಿ ಆಸ್ಪತ್ರೆಯ ಮುಂದೆ ಬಸ್ಸು ನಿಂತಿತು. ಗೇಟಿನ ಬಳಿ ಶೀಲಾ ನಿಂತಿದ್ದಳು, ಸೊಂಟದ ಮೇಲೆ ಐಶ್ವರ್ಯ. ಕೂಸು ಅಜ್ಜಿಯನ್ನು ಗುರುತಿಸಿ ಕೈ ಚಾಚಿತು. ಶೀಲಾ ಬಸ್ಸಿನ ಹತ್ತಿರ ಓಡಿ ಬಂದಳು.

"ಅತ್ತಿ, ಬಿಟ್ಟಾರ್ರಿ! ಇಳೀರಿ, ಊರಿಗೆ ಹೋಗೂಣು."

ಶಾರವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ ಕೂಸಿನ ಕೆನ್ನೆ ಮುಟ್ಟಿದಳು. ಇಳಿಯಲಿಲ್ಲ.

"ಇಲ್ಲೇ ಇರ್ರಿ," ಅಂದಳು. "ಇನ್ನೂ ಮೊರ ಇಳಿಸಿಲ್ಲ ನಾನು."

ಬಸ್ಸು ದೊಡ್ಡ ಕಚೇರಿಯ ಕಡೆ ಹೊರಟಿತು.